ಮಬೇಲಾದ ಬೋರ್ಡಿಲ್ಲದ ಕೋಣೆ

ಕಳೆದ ವಾರ ನನ್ನ ಕಫೀಲನ, ಅಂದರೆ ಧಣಿಯ, ಮಗ ಕಾರಿನ ಸೀಟಿಗೆ ಹೊಸ ಹೊದಿಕೆ ಹಾಕಿಸ್ಲಿಕ್ಕೆ ಹೊರಟಿದ್ದ. ನನಗೆ ಕಣ್ಣಿನ ಡಾಕ್ಟರಲ್ಲಿಗೆ ಹೋಗ್ಲಿಕ್ಕಿತ್ತು, ಅದೇ ಕಾರಿನಲ್ಲಿ ಹತ್ತಿಸಿಕೊಂಡ. ಅಲ್ ಮಬೇಲಾದ ವರ್ಕ್‌ಶಾಪುಗಳ ಸಾಲಿನಲ್ಲಿ ಕಾರು ನಿಂತಾಗ ನೋಡುತ್ತೇನೆ, ಅದೇ ಕೋಣೆ. ಶಟರ್ ಅದೇ, ಒಂದು ಬದಿ ಕುಸಿದ ಮೆಟ್ಟಿಲು ಅದೇ. ಒಳಗೆ ಪಾಕಿಸ್ತಾನದವನೊಬ್ಬ ಮೆಷಿನ್ ಮುಂದೆ ಕೂತು ತೊಗಲು ಹೊಲಿಯುತ್ತಿದ್ದ. ಕಾರಿನ ಬಾಗಿಲು ತೆಗೆದದ್ದೇ ತೊಗಲಿನ ವಾಸನೆ ಮೂಗಿಗೆ ಹೊಡೆಯಿತು. ನಾನು ಇಳಿಯಲಿಲ್ಲ. ಕಫೀಲನ ಮಗ ಕರೆದ, ಒಳಗೆ ಎ.ಸಿ. ಉಂಟು, ಬಾ ಅಂತ. ಬೇಡ ಅಂದೆ. ಆ ಕೋಣೆಯಲ್ಲಿ ನಾವು ಒಂದು ತಂಪಿನ ಕಾಲ ಕಳೆದಿದ್ದೆವು. ಅದನ್ನು ಬರೆಯುತ್ತೇನೆ.

ನಾನು ಕೊರಗರವಳು. ಹೆಸರು ತುಕ್ರು. ಕಾರ್ಕಳದ ಆಚೆ ಗುಡ್ಡೆಯ ಒಂದು ಕೊಪ್ಪದಲ್ಲಿ ಹುಟ್ಟಿದ್ದು. ಕೊಪ್ಪ ಅಂದರೆ ನಮ್ಮವರ ಗುಡಿಸಲು. ಕಾಡಿನಿಂದ ಬೀಳು, ಅಂದರೆ ಬಳ್ಳಿ, ತಂದು ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು, ಊರಿನವರು ಕರೆದಾಗ ಹೋಗುವುದು, ಹತ್ತಿರ ಬರಬೇಡ ಅಂದಾಗ ದೂರ ನಿಲ್ಲುವುದು, ಇದು ನಮ್ಮ ಕೆಲಸ. ಶಾಲೆಗೆ ಸ್ವಲ್ಪ ಸಮಯ ಹೋಗಿದ್ದೆ. ಅಲ್ಲಿ ಕಲಿತ ಅಕ್ಷರವೇ ಇದು, ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಿ. ಗಂಡ ಕುಡಿದು ಕುಡಿದು ಸತ್ತ ಮೇಲೆ ಏಜೆಂಟನೊಬ್ಬ ನನ್ನನ್ನು ಮಸ್ಕತ್ತಿಗೆ ಕಳಿಸಿದ. ಅಲ್ಲಿ ಹತ್ತಿರದ ಸೀಬ್‌ನಲ್ಲಿ ಒಂದೇ ಮನೆ. ಅಡಿಗೆ ಮಾಡಿದೆ, ಮಕ್ಕಳನ್ನು ಸಾಕಿದೆ. ಆ ಮಕ್ಕಳಿಗೆ ಈಗ ಮಕ್ಕಳಾಗಿವೆ. ನಾನು ಮುದುಕಿಯಾದೆ, ಮನೆ ಬದಲಾಗಲಿಲ್ಲ.

ಬಂದ ಹೊಸದರಲ್ಲಿ ಕಫೀಲನ ತಾಯಿ ನನ್ನನ್ನು ಎದುರು ಕೂರಿಸಿಕೊಂಡು, "ನಿನ್ನ ಕಬೀಲಾ ಯಾವುದು?" ಅಂತ ಕೇಳಿದ್ದಳು. ಅವಳನ್ನು ಮಾಮಾ ಸಲ್ಮಾ ಅಂತ ಕರೆಯುತ್ತೇವೆ, ಮಾಮಾ ಅಂದರೆ ಇಲ್ಲಿ ಅಮ್ಮ. ಕಬೀಲಾ ಅಂದರೆ ಕುಲ, ಬುಡಕಟ್ಟು. ಇಲ್ಲಿ ಅದನ್ನು ಕೇಳುವುದು ಊಟ ಆಯಿತಾ ಅಂತ ಕೇಳಿದ ಹಾಗೆ. ನಾನು ಹೆದರಿಕೊಂಡೇ "ಕೊರಗ" ಅಂದೆ. ಅವಳು ಕೊರಗ, ಕೊರಗ ಅಂತ ಬಾಯಲ್ಲಿ ಆಡಿಸಿ ನೋಡಿ, "ತುಂಬ ಜನ ಇದ್ದೀರಾ?" ಅಂದಳು. "ಇಲ್ಲ, ಕಡಿಮೆ." "ಹಾಗಾದರೆ ಒಬ್ಬರನ್ನೊಬ್ಬರು ಬಿಡಬೇಡಿ," ಅಂದು ಎದ್ದು ಹೋದಳು. ಇಲ್ಲಿಯವರಲ್ಲಿ ಮೇಲು ಕೆಳಗು ಇಲ್ಲ ಅಂತ ನಾನು ಹೇಳುವುದಿಲ್ಲ. ಉಂಟು, ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಹೆಸರು ಅವರಿಗೆ ಏನೂ ಅಲ್ಲ. ಅದರ ಅರ್ಥ ಗೊತ್ತಿರುವುದು ನಮ್ಮ ಊರಿನ ಕಡೆಯಿಂದ ಬಂದವರಿಗೆ. ಹಾಗಾಗಿ ನಮ್ಮ ಮಕ್ಕಳು ಅರಬರ ಎದುರು ಬಾಯಿ ಬಿಡುತ್ತಾರೆ, ಮಂಗಳೂರಿನವನು ಸಿಕ್ಕಿದರೆ ಬಾಯಿ ಮುಚ್ಚುತ್ತಾರೆ.

ಕೋಣೆ ಶುರುವಾದದ್ದು ಸುಮಿತ್ರಾಳಿಂದ. ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಹುಡುಗಿ, ನಮ್ಮವಳೇ, ಬಾಯಿ ಜೋರು. ಮನೆಯವರ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಾಗ ಮಗುವಿಗೆ ಮದ್ದಿಗೆ ಬಂದಿದ್ದ ಮಾಧವ ಸಾರ್ ಅದು ಯಾವ ಭಾಷೆ ಅಂತ ಕೇಳಿದರಂತೆ. ಬೇರೆಯವರಾದರೆ ಸುಳ್ಳು ಹೇಳುತ್ತಿದ್ದರು. ಇವಳು ಹೇಳಿಯೇ ಬಿಟ್ಟಳು. ಮಾಧವ ಸಾರ್ ದೊಡ್ಡ ಕಂಪನಿಯಲ್ಲಿ ಇಂಜಿನಿಯರ್, ನಮ್ಮ ಕಡೆಯ ದೊಡ್ಡ ಮನೆತನ, ಕರಾವಳಿಯವರ ಒಂದು ಸಂಘದಲ್ಲಿ ಮುಂದೆ ಓಡಾಡುವ ಜನ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಬರೆದಿಡುತ್ತೇನೆ, ಮುಂದೆ ಹೋದ ಹಾಗೆ ಬರೆಯಲು ಮನಸ್ಸು ಬರಲಿಕ್ಕಿಲ್ಲ. ಅವರ ಗೆಳೆಯನ ವರ್ಕ್‌ಶಾಪಿನ ಪಕ್ಕದ ಕೋಣೆ ಖಾಲಿ ಇತ್ತು. ಶುಕ್ರವಾರ ಮಧ್ಯಾಹ್ನದ ಮೇಲೆ ನಿಮ್ಮ ಹುಡುಗರು ಬಂದು ಕೂತುಕೊಳ್ಳಿ ಅಂತ ಕೀಲಿ ಕೊಟ್ಟರು.

ಬೋರ್ಡ್ ಹಾಕಲಿಲ್ಲ. ಪರ್ಮಿಶನ್ ಇಲ್ಲದೆ ಬೋರ್ಡ್ ಹಾಕಿದರೆ ಇಲ್ಲಿ ತೊಂದರೆ. ಹಾಕಬಹುದು ಅಂದಿದ್ದರೂ ನಮ್ಮವರು ಹಾಕಲು ಬಿಡುತ್ತಿರಲಿಲ್ಲ.

ಆ ವರ್ಷ ಸೆಕೆ ಬೇಗ ಇಳಿಯಲಿಲ್ಲ. ಮೊದಮೊದಲ ಶುಕ್ರವಾರಗಳಲ್ಲಿ ಶಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ನಮ್ಮ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಿದ್ದರು. ಎ.ಸಿ. ರಿಪೇರಿಯವನು, ಬಟ್ಟೆ ಇಸ್ತ್ರಿಯವನು, ಸಲೂನಿನಲ್ಲಿ ತಲೆ ತೊಳೆಯುವವಳು. ಬರುವಾಗ ಹಿಂದೆ ಮುಂದೆ ನೋಡಿ ಒಳಗೆ ನುಗ್ಗುವುದು, ಕಳ್ಳಭಟ್ಟಿಗೆ ಬಂದವರ ಹಾಗೆ. ಮಾಧವ ಸಾರ್ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಪಾಸ್‌ಪೋರ್ಟ್ ಧಣಿ ಇಟ್ಟುಕೊಂಡರೆ ಯಾರನ್ನು ಕೇಳಬೇಕು, ಬೇರೆ ಕೆಲಸಕ್ಕೆ ಅರ್ಜಿ ಹೇಗೆ ಹಾಕುವುದು, ಅದೆಲ್ಲ ಹೇಳುತ್ತಿದ್ದರು. ನಾನು ಚಾ ಮಾಡುವುದು, ಅವಲಕ್ಕಿ ಕಲಸುವುದು. ಅವರು ಹೋದ ಮೇಲೆ ನಮ್ಮ ಭಾಷೆ. ಅರ್ಧ ಮಕ್ಕಳಿಗೆ ಬರುತ್ತಿರಲಿಲ್ಲ, ತುಳುವಿನಲ್ಲೇ ಬೆಳೆದವರು. ನಾನು ಒಂದೊಂದು ಮಾತು ಹೇಳಿದರೆ ನಗುತ್ತಿದ್ದರು. "ಅಜ್ಜಿ, ಇದು ಬೈಗುಳದ ಹಾಗೆ ಕೇಳ್ತದಲ್ಲ!" "ಬೈಗುಳವೇ. ಮೊದಲು ಅದು ಕಲಿ, ಉಳಿದದ್ದು ತಾನಾಗಿ ಬರ್ತದೆ," ಅನ್ನುತ್ತಿದ್ದೆ. ಬುಟ್ಟಿ ಹೆಣೆಯುವುದನ್ನೂ ಹೇಳಿಕೊಡಲು ನೋಡಿದೆ. ಇಲ್ಲಿ ಬೀಳು ಎಲ್ಲಿಂದ? ಖರ್ಜೂರದ ಗರಿ ಸೀಳಿ ಹೆಣೆದೆ. ತಳ ನಿಲ್ಲಲಿಲ್ಲ, ಬುಟ್ಟಿ ಕುಡುಕನ ಹಾಗೆ ವಾಲಿತು. ಅದಕ್ಕೂ ನಗು.

ಸುಧಾಕರ ಬಂದದ್ದು ಸ್ವಲ್ಪ ತಡವಾಗಿ. ಹೆಸರುಗಳನ್ನು ಬದಲಾಯಿಸಿದ್ದೇನೆ, ನನ್ನದೊಂದು ಬಿಟ್ಟು. ಅವನು ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮಾಡಿದವನು, ಮಬೇಲಾದಲ್ಲೇ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಮಾತು ಮೆಲ್ಲಗೆ. ಊರಿನ ಕಡೆಯ ಹುಡುಗರ ಜೊತೆ ಒಂದು ರೂಮಿನಲ್ಲಿದ್ದ. ಅಲ್ಲಿ ಎಲ್ಲರೂ ಸೇರಿ ಅಡಿಗೆ, ದಿನಕ್ಕೊಬ್ಬರ ಪಾಳಿ. ಅವರಲ್ಲಿ ಬೆಳ್ತಂಗಡಿ ಕಡೆಯ ಸಂದೇಶ ಅನ್ನುವವನು ಇವನ ಜೀವದ ಗೆಳೆಯ. ರೂಮಿನವರು ಊರಲ್ಲಿ ಯಾವ ಜಾತಿ ಅಂತ ಕೇಳಿದ್ದಕ್ಕೆ ಸುಧಾಕರ ಬೇರೆಯೇ ಒಂದು ಹೆಸರು ಹೇಳಿದ್ದ. ಅವರು ನಂಬಿದ್ದರು. ಇವನು ಮಾಡಿದ ಮೀನು ಸಾರು ಚಪ್ಪರಿಸಿ ತಿನ್ನುತ್ತಿದ್ದರು.

"ಅಜ್ಜಿ, ನನಗೆ ದೊಡ್ಡ ಆಸೆ ಎಂತದೂ ಇಲ್ಲ," ಅಂತ ಅವನು ಒಂದು ದಿನ ನನ್ನ ಹತ್ತಿರ ಹೇಳಿದ. "ಶುಕ್ರವಾರ ಇಲ್ಲಿ ಬಂದು ನಾನು ನಾನೇ ಆಗಿರಬೇಕು. ಉಳಿದ ದಿನ ಆ ರೂಮಿನಲ್ಲಿ ಎಲ್ಲರ ಹಾಗೆ ಒಂದು ತಟ್ಟೆಯಲ್ಲಿ ಉಣ್ಣಬೇಕು. ಎರಡೂ ಬೇಕು."

"ಎರಡೂ ಸಿಕ್ಕಿದೆಯಲ್ಲ. ಬಾಯಿ ಮುಚ್ಚಿ ಇಟ್ಟುಕೋ," ಅಂದೆ.

ಅವನ ಕೈಯಲ್ಲಿ ಡೋಲು ಇತ್ತು. ಅಂದರೆ ವಿದ್ಯೆ ಇತ್ತು, ಡೋಲು ಇರಲಿಲ್ಲ. ಅವನಜ್ಜ ದೊಡ್ಡ ಡೋಲಿನವನು. ಇವನು ಖಾಲಿ ಎಣ್ಣೆ ಡಬ್ಬ ಹಿಡಿದು ಎರಡು ಬೆರಳು ಆಡಿಸಿದರೂ ಕೂತವರ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಮಾಧವ ಸಾರ್ ಒಂದು ದಿನ ಬಾಗಿಲಲ್ಲಿ ನಿಂತು ಅದನ್ನು ಕೇಳಿದರು. ಅವರ ಕಣ್ಣು ಒದ್ದೆಯಾಯಿತು. ನಾನು ಅಲ್ಲಿಯೇ ಅಂದುಕೊಂಡೆ, ಇದು ಕೆಟ್ಟಿತು.

ತಂಪು ಬಿದ್ದ ಮೇಲೆ ಇಲ್ಲಿ ಸಂಘಗಳ ಕಾರ್ಯಕ್ರಮದ ಕಾಲ. ಮಾಧವ ಸಾರ್ ಬಂದು ಎಲ್ಲರನ್ನೂ ಕೂರಿಸಿದರು. ವರ್ಕ್‌ಶಾಪಿನ ಗೆಳೆಯನಿಗೆ ಬೇಸಗೆಯ ಮೊದಲು ಕೋಣೆ ವಾಪಸು ಬೇಕಂತೆ. ಆದರೆ ಸಂಘದವರ ಹತ್ತಿರ ಒಳ್ಳೆಯ ಜಾಗ ಉಂಟು, ಎ.ಸಿ. ಉಂಟು, ಕಂಪ್ಯೂಟರ್ ಉಂಟು. ನಮ್ಮ ಹುಡುಗರಿಗೆ ಅದನ್ನು ಕೊಡಿಸಬಹುದು. ಸಂಘದವರಿಗೆ ಹುಡುಗರ ಪರಿಚಯ ಆಗಬೇಕು, ಅಷ್ಟೇ. ವಾರ್ಷಿಕೋತ್ಸವದಲ್ಲಿ ಡೋಲು ಬಾರಿಸಿದರೆ ಆಯಿತು.

"ಡೋಲು ಬಾರಿಸಿದರೆ ಜಾಗ," ಅಂದೆ ನಾನು. "ಊರಲ್ಲಿ ಡೋಲು ಬಾರಿಸಿದರೆ ಅನ್ನ. ಬದಲಾದ್ದು ಎಂತ ಸಾರ್?"

"ಅಯ್ಯೋ ಅಜ್ಜೀ, ಅದು ಅಜಲು. ಆ ಕಾಲ ಹೋಯ್ತು. ಇದು ಕಲೆ. ಸ್ಟೇಜು, ಮೈಕು, ಶಾಲು ಹಾಕಿ ಸನ್ಮಾನ."

ಅಜಲು ಅಂದರೆ ಊರಿನ ದೊಡ್ಡವರ ಕಟ್ಟಳೆ. ಕಂಬಳಕ್ಕೆ, ಜಾತ್ರೆಗೆ, ಸಾವಿಗೆ, ಹೆರಿಗೆಗೆ ಅವರು ಹೇಳಿದ್ದನ್ನು ನಾವು ಮಾಡಬೇಕು, ಕೊಟ್ಟದ್ದನ್ನು ತಿನ್ನಬೇಕು. ಸರಕಾರ ಕಾನೂನು ಮಾಡಿ ನಿಲ್ಲಿಸಿದೆ.

ಸುಮಿತ್ರಾ ನನ್ನ ಮೇಲೆಯೇ ತಿರುಗಿ ಬಿದ್ದಳು. "ಅಜ್ಜಿ, ಅವರು ಬಾರಿಸು ಅಂದಾಗ ಬಾರಿಸಿದೆವು, ಅದು ನಾಚಿಕೆ. ಈಗ ನಾಚಿಕೆ ಅಂತ ಬಾರಿಸದೆ ಕೂತರೆ ಅದೂ ಅವರು ಹೇಳಿದ ಹಾಗೇ ಆಯಿತಲ್ಲ? ಡೋಲು ನಮ್ಮದು. ನಾವು ಬಾರಿಸದಿದ್ದರೆ ಯಾರು, ಮಾಧವ ಸಾರ್ ಬಾರಿಸ್ತಾರಾ?"

"ನಾನು ಬಾರಿಸಿದರೆ ಜನ ಎದ್ದು ಹೋಗ್ತಾರೆ ಮಾರಾಯ್ತಿ," ಅಂದರು ಸಾರ್. ಎಲ್ಲರೂ ನಕ್ಕರು. ಸುಧಾಕರ ನಗಲಿಲ್ಲ.

"ಸಾರ್, ಹೆಸರು ಹೇಳ್ತೀರಾ?"

"ಯಾವ ಹೆಸರು?"

"ನಮ್ಮದು. ಇವರು ಇಂಥವರು ಅಂತ."

ಸಾರ್ ಅವನ ಮುಖ ನೋಡಿದರು. ಅರ್ಥವಾಯಿತು ಅವರಿಗೆ. "ಹೇಳುವುದಿಲ್ಲ. ಕರಾವಳಿಯ ಯುವಕರಿಂದ ಡೋಲು ವಾದನ. ಅಷ್ಟೇ. ನನ್ನ ಮಾತು."

ಅವನಿಗೆ ಬಾರಿಸುವ ಆಸೆ ಇತ್ತು. ಅದು ನನಗೆ ಕಾಣುತ್ತಿತ್ತು. ಹಸಿದವನ ಎದುರು ಅನ್ನ ಇಟ್ಟ ಹಾಗೆ ಕೂತಿದ್ದ. ನಾನು ಬೇಡ ಅಂದಿದ್ದರೂ ಕೇಳುತ್ತಿರಲಿಲ್ಲ, ಪ್ರಾಯದ ಮಕ್ಕಳು.

ಊರಿನಿಂದ ಎರಡು ಡೋಲು ಕಾರ್ಗೋದಲ್ಲಿ ಬಂದವು. ಕೋಣೆಯ ತುಂಬ ತೊಗಲಿನ ವಾಸನೆ. ಊರಲ್ಲಾದರೆ ತೊಗಲು ಬಿಗಿಯಾಗಲು ಬೆಂಕಿಗೆ ಕಾಯಿಸಬೇಕು. ಇಲ್ಲಿ ಅದು ಬೇಡ, ಮಾಧವ ಸಾರ್ ಅವರ ಕಾರಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಬಿಸಿಲೇ ಕೆಲಸ ಮಾಡುತ್ತಿತ್ತು. ಕಾರಿನ ಬಣ್ಣ ಗೀರಿಹೋದರೂ ಸಾರ್ ಬೈಯಲಿಲ್ಲ. ವರ್ಕ್‌ಶಾಪಿನ ಗಲಾಟೆಯ ನಡುವೆ ಡೋಲಿನ ಶಬ್ದ ಯಾರಿಗೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಒಂದು ಶುಕ್ರವಾರ ಮಳೆ ಹೊಡೆಯಿತು. ಇಲ್ಲಿ ಮಳೆ ಅಂದರೆ ಹೊಡೆಯುವುದೇ. ವಾದಿಯಲ್ಲಿ, ಅಂದರೆ ಒಣ ಹೊಳೆಯಲ್ಲಿ, ನೀರು ಬಂದು ರಸ್ತೆ ಬಂದ್. ಒಳಗೆ ಸಿಕ್ಕಿಕೊಂಡ ನಾವು ಕತ್ತಲಾಗುವವರೆಗೆ ಅಲ್ಲಿಯೇ. ಸುಧಾಕರ ಬಾರಿಸಿದ, ಸುಮಿತ್ರಾ ಕುಣಿದಳು, ಇಸ್ತ್ರಿಯ ಹುಡುಗ ಬಕೆಟ್ ಬಾರಿಸಿದ. ನನ್ನನ್ನೂ ಎಳೆದರು. ಸೊಂಟ ನೋವಿತ್ತು, ಆದರೂ ಕುಣಿದೆ. ಆ ಕೋಣೆಯಲ್ಲಿ ಒಳ್ಳೆಯದಾದದ್ದು ಅಂತ ಇದ್ದರೆ ಅದು ಅಷ್ಟೇ.

ಕಾರ್ಯಕ್ರಮ ಮಸ್ಕತ್ತಿನ ಒಂದು ದೊಡ್ಡ ಹಾಲಿನಲ್ಲಿ. ಮಾಧವ ಸಾರ್ ಮಾತು ತಪ್ಪಲಿಲ್ಲ. ಕರಾವಳಿಯ ಯುವಕರು ಅಂತಲೇ ಮೈಕಿನಲ್ಲಿ ಹೇಳಿಸಿದರು. ತಲೆಗೆ ಮುಂಡಾಸು, ಒಂದೇ ಬಣ್ಣದ ಅಂಗಿ. ಸುಧಾಕರ ನಡುವೆ ನಿಂತ. ಮೊದಲ ಪೆಟ್ಟು ಬಿದ್ದಾಗ ಹಿಂದೆ ಮೊಬೈಲು ನೋಡುತ್ತಿದ್ದವರೂ ತಲೆ ಎತ್ತಿದರು. ನಾನು ಬದಿಯ ಕುರ್ಚಿಯಲ್ಲಿದ್ದೆ. ಅವನಜ್ಜನನ್ನು ನಾನು ನೋಡಿದವಳಲ್ಲ, ಆದರೆ ಅಂಥ ಕೈ ಕಲಿತು ಬರುವುದಿಲ್ಲ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ರೂಮಿನ ಹುಡುಗರೂ ಬಂದಿದ್ದರು, ಸಂದೇಶ ಬಾಯಿಗೆ ಕೈ ಇಟ್ಟು ಸಿಳ್ಳೆ ಹಾಕಿದ.

ಊಟಕ್ಕೆ ಬಫೆ. ಸಂದೇಶ ಸುಧಾಕರನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದ. "ಅಲ್ಲ ಮಾರಾಯ, ಇಷ್ಟು ಸಮಯ ಒಟ್ಟಿಗೆ ಮಲಗಿ ಎದ್ದದ್ದು, ಒಂದು ದಿನ ಹೇಳಿದ್ದೀಯಾ? ನಾನು ನಿನ್ನನ್ನು ಬರೀ ಬೋಲ್ಟು ನಟ್ಟು ಮಾರುವವ ಅಂತ ತಿಳಿದಿದ್ದೆ!" ಇನ್ನೊಬ್ಬ ಹೇಳಿದ, "ಈ ವಾರ ಅಡಿಗೆ ಪಾಳಿ ಇವನಿಗೆ ಮಾಫಿ. ಕಲಾವಿದರು!" ಸುಧಾಕರನ ಮುಖ ಹಾಗೆ ಬೆಳಗಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಾಧವ ಸಾರ್ ಅವರ ತಾಯಿ ಆಗ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ನನಗಿಂತಲೂ ದೊಡ್ಡವರು, ಬಿಳಿ ತಲೆ, ಕೋಲು. ಊಟದ ಸಾಲಿನ ಆಚೆ ಕುರ್ಚಿಯಲ್ಲಿ ಕೂತಿದ್ದವರು ಎದ್ದು ಮೆಲ್ಲ ಮೆಲ್ಲ ಸುಧಾಕರನ ಹತ್ತಿರ ಬಂದರು. ಕೈಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದರು. "ಬಾ ಮಗ. ಎಷ್ಟು ಚಂದ ಬಾರಿಸಿದೆ. ಇದನ್ನು ತಿನ್ನು, ನನ್ನ ಎದುರೇ ತಿನ್ನು. ಮೊಮ್ಮಗಳಿಗೆ ಜ್ವರ ಬಿಡುವುದೇ ಇಲ್ಲ."

ಅವನಿಗೆ ಏನೂ ಹೊಳೆಯಲಿಲ್ಲ. ವಯಸ್ಸಾದ ಹೆಂಗಸು ಪ್ರೀತಿಯಿಂದ ಕೊಟ್ಟದ್ದು, ಪ್ರಸಾದ ಇರಬೇಕು ಅಂದುಕೊಂಡ. ತಲೆ ಬಗ್ಗಿಸಿ ತೆಗೆದುಕೊಂಡು, ಬಿಚ್ಚಿ, ಅನ್ನದ ಒಂದು ತುತ್ತು ಬಾಯಿಗಿಟ್ಟ.

ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ. ನನಗೆ ಗೊತ್ತು. ದೊಡ್ಡ ಮನೆಗಳಲ್ಲಿ ಮಕ್ಕಳಿಗೆ ಸೌಖ್ಯ ಇಲ್ಲದಿದ್ದರೆ, ಬಸುರಿಗೆ ತೊಂದರೆಯಾದರೆ, ಅವರ ಕೂದಲು, ಉಗುರು ಅನ್ನದಲ್ಲಿ ಕಲಸಿ ಕೊರಗರನ್ನು ಕರೆದು ತಿನ್ನಿಸುತ್ತಿದ್ದರು. ರೋಗ ನಮ್ಮ ಹೊಟ್ಟೆಗೆ ಬರಲಿ ಅಂತ. ನನ್ನ ಅಮ್ಮ ತಿಂದಿದ್ದಾಳೆ. ಅಂಗಳದ ಆಚೆ ಕೂತು.

ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಅವನು ಹಲ್ಲಿನ ನಡುವಿನಿಂದ ಏನೋ ಎಳೆದು ತೆಗೆಯುತ್ತಿದ್ದ. ಒಂದು ಕೂದಲು. ಆಮೇಲೆ ಬೆರಳ ತುದಿಯಲ್ಲಿ ಅಂಟಿದ್ದನ್ನು ಬೆಳಕಿಗೆ ಹಿಡಿದು ನೋಡಿದ. ಮಗುವಿನ ಉಗುರು, ಸಣ್ಣದು. ಅವನಿಗೆ ಆಗಲೂ ಅರ್ಥವಾಗಲಿಲ್ಲ. ಅರ್ಥವಾದದ್ದು ಸಂದೇಶನಿಗೆ. ಅವನ ಅಜ್ಜಿಮನೆಯಲ್ಲಿ ಕೇಳಿದ್ದನೋ ನೋಡಿದ್ದನೋ. ಒಮ್ಮೆ ಮುದುಕಿಯನ್ನು ನೋಡಿದ, ಒಮ್ಮೆ ಡೋಲನ್ನು ನೋಡಿದ, ಆಮೇಲೆ ಸುಧಾಕರನನ್ನು. ಹೆಗಲ ಮೇಲಿದ್ದ ಕೈ ತೆಗೆದ. ತನ್ನ ತಟ್ಟೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ನಾನು ಹೋಗಿ ಪೊಟ್ಟಣ ಕಸಿದು ನೆಲಕ್ಕೆ ಹೊಡೆದೆ. "ಉಗುಳು," ಅಂದೆ. ಅವನು ಉಗುಳಿದ.

"ಎಂತ ಮಾಡಿದ್ರಿ ನೀವು?" ಅಂತ ಮುದುಕಿಯನ್ನು ಕೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಆಶ್ಚರ್ಯದಲ್ಲಿ ನನ್ನನ್ನೇ ನೋಡಿದರು. "ಎಂತ ಮಾಡಿದೆ? ಡೋಲಿನ ಪೆಟ್ಟು ಕೇಳಿದ ಕೂಡಲೇ ಗೊತ್ತಾಯ್ತು ನಿಮ್ಮವರು ಅಂತ. ಪುಣ್ಯ, ಈ ಮರುಭೂಮಿಯಲ್ಲೂ ಸಿಕ್ಕಿದರಲ್ಲ ಅಂದುಕೊಂಡೆ. ನಿಮ್ಮವರು ತಿಂದರೆ ಹೋಗ್ತದೆ. ನಿನಗೆ ಗೊತ್ತಿಲ್ಲದ್ದಾ? ಖಾಲಿ ಕೈಯಲ್ಲಿ ಕಳಿಸುವುದಿಲ್ಲ, ಬಟ್ಟೆ ಕೊಡ್ತೇನೆ."

ಡೋಲು ಕೇಳುವ ಮೊದಲೇ ಪೊಟ್ಟಣ ಹೇಗೆ ಸಿದ್ಧವಾಯಿತು ಅಂತ ಕೇಳುವಷ್ಟು ತಲೆ ಆಗ ನನಗೆ ಓಡಲಿಲ್ಲ. ಮಗ ಮನೆಯಲ್ಲಿ ಹೇಳಿರಬೇಕು, ಇಂಥ ಮಕ್ಕಳಿಗೆ ಸಹಾಯ ಮಾಡುತ್ತಿದ್ದೇನೆ ಅಂತ, ಸಂತೋಷದಿಂದಲೇ. ಮೈಕಿನಲ್ಲಿ ಹೇಳಬಾರದು ಅಂದುಕೊಂಡವರು ತಾಯಿಗೆ ಹೇಳುವುದರಲ್ಲಿ ತಪ್ಪೇನು ಅಂದುಕೊಂಡಿರಬೇಕು.

"ಅಜ್ಜಿ, ಎಂತ ಇದು?" ಸುಧಾಕರ ನನ್ನನ್ನು ಕೇಳಿದ. ನಮ್ಮ ಭಾಷೆಯಲ್ಲಿ ಕೇಳಿದ. ಅಷ್ಟು ಜನರ ಎದುರು ಅವನ ಬಾಯಿಂದ ಅದು ತಾನಾಗಿ ಬಂತು. ಅವನು ಸಂದೇಶನ ಕಡೆ ತಿರುಗಿದ. ಸಂದೇಶ ತಟ್ಟೆಯಲ್ಲಿದ್ದ ನೀರುದೋಸೆಯನ್ನು ಹರಿದು ಹರಿದು ಹಾಕುತ್ತಿದ್ದ, ತಿನ್ನುತ್ತಿರಲಿಲ್ಲ.

ಮಾಧವ ಸಾರ್ ಮರುದಿನ ಸೀಬ್‌ಗೆ ನಮ್ಮ ಮನೆಯ ಗೇಟಿನವರೆಗೆ ಬಂದರು. ಅಮ್ಮನಿಗೆ ವಯಸ್ಸಾಯಿತು, ತಲೆ ಸರಿ ಇಲ್ಲ, ಕೈಮುಗಿದು ಕ್ಷಮೆ ಕೇಳುತ್ತೇನೆ ಅಂದರು. ಅತ್ತರು. ನಾನು ನೀರು ಕೊಟ್ಟೆ. ತಾಯಿಯ ತಲೆ ಸರಿಯಾಗಿಯೇ ಇತ್ತು, ಅವರಿಗೂ ಗೊತ್ತು, ನನಗೂ ಗೊತ್ತು. ಮಗುವಿನ ಜ್ವರ ಆ ವಾರವೇ ಬಿಟ್ಟಿತು. ಜ್ವರ ಅಂದ ಮೇಲೆ ಬಿಡುತ್ತದೆ. ಮುದುಕಿ ಸಂತೋಷದಲ್ಲಿ ಸುಮಿತ್ರಾಳ ಕ್ಲಿನಿಕ್ಕಿಗೆ ಡ್ರೈವರನ ಕೈಯಲ್ಲಿ ಲಾಡು ಕಳಿಸಿದರು, ಆ ಡೋಲಿನ ಹುಡುಗನಿಗೆ ತಲುಪಿಸು ಅಂತ. ಸುಮಿತ್ರಾ ಡಬ್ಬಿಯನ್ನು ತಂದು ಕೋಣೆಯ ನಡುವೆ ಇಟ್ಟಳು. ಯಾರೂ ಮುಟ್ಟಲಿಲ್ಲ. "ನಾಯಿಗೆ ಹಾಕಲಾ ಅಜ್ಜಿ?" ಅಂದಳು. "ನಾಯಿ ಎಂತ ಮಾಡಿದೆ ಪಾಪ," ಅಂದೆ. ಅವಳು ನಕ್ಕಳು, ನಗುತ್ತಾ ಅತ್ತಳು, ಆಮೇಲೆ ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು.

ಸುಧಾಕರನನ್ನು ರೂಮಿನಲ್ಲಿ ಯಾರೂ ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಅವನು ಕೋಣೆಗೆ ಬಂದ ಕೊನೆಯ ಶುಕ್ರವಾರ ನನಗೆ ಹೇಳಿದ. "ನನ್ನ ಪಾಳಿಯ ದಿನ ನಾನು ತರಕಾರಿ ತಂದೆ ಅಜ್ಜಿ. ಸಂದೇಶ ಹೇಳಿದ, ಬೇಡ ಮಾರಾಯ, ನಿನಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ, ಇವತ್ತು ಪಾರ್ಸೆಲ್ ತರಿಸುವ ಅಂತ. ಮತ್ತಿನ ಸಲವೂ ಹಾಗೇ. ಈಗ ಪಾಳಿಯಿಂದ ನನ್ನ ಹೆಸರೇ ತೆಗೆದಿದ್ದಾರೆ. ತುಂಬ ಮರ್ಯಾದೆಯಿಂದ ಮಾತಾಡ್ತಾರೆ. ಸಂದೇಶ ಮೊದಲು ‘ಏ ಸುಧಾ’ ಅಂತಿದ್ದ, ಈಗ ‘ಸುಧಾಕರ, ಊಟ ಆಯ್ತಾ’ ಅಂತಾನೆ."

"ಬೇರೆ ರೂಮು ನೋಡು."

"ಎಲ್ಲಿ? ಆ ಹಾಲಿನಲ್ಲಿ ಊರಿನವರೆಲ್ಲ ಇದ್ದರು."

"ಹಾಗಾದರೆ ಶುಕ್ರವಾರವಾದರೂ ಇಲ್ಲಿ ಬಾ."

ಅವನು ಡೋಲಿನ ಕಡೆ ನೋಡಿದ. "ಇಲ್ಲಿ ಬಂದದ್ದರಿಂದಲೇ ಅಲ್ಲವಾ ಅಜ್ಜಿ?"

ಹೌದು ಅನ್ನಬೇಕು. ಹೌದು ಅಂದೆ.

ಅವನ ನಂತರ ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಇಸ್ತ್ರಿಯ ಹುಡುಗ ಓವರ್‌ಟೈಮ್ ಅಂದ. ಸಲೂನಿನವಳು ಫೋನ್ ಎತ್ತಲಿಲ್ಲ. ತಮ್ಮದೂ ಗೊತ್ತಾದೀತು ಅಂತ ಹೆದರಿಕೆ, ತಪ್ಪು ಹೇಳುವಂತಿಲ್ಲ. ಸಂಘದ ಜಾಗದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮಾಧವ ಸಾರ್ ಕೆಲವು ವಾರ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು ನಮ್ಮಿಬ್ಬರ ಎದುರು ಕೂತು ಹೋದರು. ನಾನೂ ಸುಮಿತ್ರಾಳೂ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಬೇಡವಾಗಿತ್ತು. ಸೆಕೆ ಶುರುವಾಯಿತು. ರಂಜಾನ್ ತಿಂಗಳಲ್ಲಿ ಶುಕ್ರವಾರ ಬಿಡುವು ಸಿಗಲಿಲ್ಲ. ಅದು ಮುಗಿದು ನಾನು ಹೋದಾಗ ಶಟರಿಗೆ ಬೇರೆ ಬೀಗ ಇತ್ತು. ಸುಮಿತ್ರಾ ಕುವೈತಿಗೆ ಹೋದಳು. ಹೋಗುವ ಮೊದಲು ಒಂದು ಮಾತು ತಿಳಿಸಿದಳು, ಸುಧಾಕರ ಕೆಲಸ ಬಿಟ್ಟು ಒಳನಾಡಿನ ಇಬ್ರಾಕ್ಕೆ ಹೋಗಿದ್ದಾನೆ, ಅಲ್ಲಿಯೂ ಸ್ಪೇರ್ ಪಾರ್ಟ್ಸ್ ಅಂಗಡಿಯಂತೆ, ನಂಬರ್ ಬದಲಾಯಿಸಿದ್ದಾನೆ ಅಂತ. ಇಬ್ರಾ ಅಂತ ನಾನು ಬರೆದಿದ್ದೇನೆ. ಅದೇ ಊರು ಅಂತ ನಂಬಬೇಡಿ.

ಆ ಬೇಸಗೆಯಲ್ಲಿ ಮಾಮಾ ಸಲ್ಮಾಳ ತಂಗಿಯ ಗಂಡ ತೀರಿಕೊಂಡರು. ತಂಗಿಯ ಮನೆ ಸುಧಾಕರ ಹೋಗಿದ್ದ ಆ ಊರಿನಲ್ಲೇ, ದುಃಖ ಕೇಳಲು ಹೋದೆವು. ವಾಪಸು ಬರುವಾಗ ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಡ್ರೈವರ್ ವೈಪರಿನ ರಬ್ಬರ್ ಹರಿದಿದೆ, ಮಳೆ ಬಂದರೆ ಕಷ್ಟ ಅಂದ. ಸೂಕ್‌ನ, ಅಂದರೆ ಪೇಟೆಯ, ಹಿಂದೆ ಅಂಗಡಿ ಸಾಲು ಉಂಟು, ನಾನೇ ತರುತ್ತೇನೆ ಅಂತ ಇಳಿದೆ. ಡ್ರೈವರ್ ನನ್ನನ್ನು ವಿಚಿತ್ರವಾಗಿ ನೋಡಿದ. ಮುದುಕಿಗೆ ವೈಪರ್ ಎಂತ ಗೊತ್ತು ಅಂತ ಇರಬೇಕು.

ಎರಡನೇ ಅಂಗಡಿಯಲ್ಲೇ ಸುಧಾಕರ ಇದ್ದ. ಗಡ್ಡ ಬಿಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ ಅದೇ. ಅಂಗಡಿಯಲ್ಲಿ ಬೇರೆ ಇಬ್ಬರು ಹುಡುಗರು, ಮಾತು ಕೇಳಿದರೆ ನಮ್ಮ ಕಡೆಯವರೇ. ಒಬ್ಬನು ಒಳಗಿನಿಂದ ಅವನನ್ನು ಕೂಗಿ ಕರೆದ, ಒಂದು ದೊಡ್ಡ ಜಾತಿಯ ಹೆಸರು ಹಿಡಿದು. ಸುಧಾಕರ "ಬಂದೆ, ಬಂದೆ" ಅಂತ ಓಗೊಟ್ಟ. ಅಷ್ಟರಲ್ಲಿ ನನ್ನನ್ನು ನೋಡಿದ.

ನಾನು ಬಾಯಿ ತೆರೆದಿದ್ದೆ. ಚೆನ್ನಾಗಿದ್ದೀಯಾ ಅಂತ ನಮ್ಮ ಭಾಷೆಯಲ್ಲಿ ಕೇಳಲು ಮಾತು ಬಾಯಿಯವರೆಗೆ ಬಂದಿತ್ತು, ಅರ್ಧ ಹೊರಗೂ ಬಿತ್ತು. ಅವನ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಸಿಟ್ಟಿಲ್ಲ. ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡಿತು, ಅಷ್ಟೇ ಕಂಡಿತು.

"ಕ್ಯಾ ಚಾಹಿಯೇ, ಅಮ್ಮಾಜೀ?" ಅಂದ.

ಒಳಗಿನ ಹುಡುಗ ಇಣುಕಿ ನೋಡಿದ.

"ವೈಪರ್," ಅಂದೆ, ಹಿಂದಿಯಲ್ಲೇ. ಯಾವ ಕಾರು ಅಂತ ಕೇಳಿದ. ಹೊರಗೆ ನಿಂತದ್ದನ್ನು ತೋರಿಸಿದೆ. ಅಳತೆ ನೋಡಿ ತಂದುಕೊಟ್ಟ. ಹೀಗೆ ಸಿಕ್ಕಿಸಬೇಕು, ಹೀಗೆ ಒತ್ತಬೇಕು ಅಂತ ಹಿಂದಿಯಲ್ಲಿ ನಿಧಾನಕ್ಕೆ, ಕಿವಿ ಕೇಳದವರಿಗೆ ಹೇಳುವ ಹಾಗೆ, ಎರಡು ಸಲ ಹೇಳಿದ. ಅಷ್ಟು ವಿವರ ಬೇಕಾಗಿರಲಿಲ್ಲ. ನಾನು ತಲೆ ಆಡಿಸಿ ದುಡ್ಡು ಕೊಟ್ಟೆ. ಆಮೇಲೆ ನಾನೇ ಹೊರಟೆ.

ಕಾರಿನಲ್ಲಿ ಮಾಮಾ ಸಲ್ಮಾ ಕೇಳಿದಳು, "ಇಷ್ಟು ಹೊತ್ತು? ಆ ಹುಡುಗ ನಿನಗೆ ಗೊತ್ತಿರುವವನಾ?"

"ಲಾ, ಇಲ್ಲ," ಅಂದೆ. "ಯಾರೋ."

ಡ್ರೈವರ್ ಇಳಿದು ವೈಪರ್ ಹಾಕಿದ. ಸರಿಯಾಗಿ ಕೂತಿತು. ಮಳೆ ಬರಲಿಲ್ಲ.